ಕಲ್ಲಿರುವ ಅಕ್ಕಿ ಬೇಕಾಗಿದೆ

ಹದಿನೈದು ವರ್ಷದ ಮಗಳಿರುವ ಮನೆಯಲ್ಲಿ ಅಪ್ಪನಾದವನು ಬಾಗಿಲು ತಟ್ಟುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನಾನು ಕಟ್ಟಿಸಿದ ಮನೆ, ನಾನೇ ಮುಂದೆ ನಿಂತು ಮಾಡಿಸಿದ ಬಾಗಿಲು, ಅದಕ್ಕೆ ಒಳಗಿನಿಂದ ಚಿಲಕ ಇರಲಿ ಎಂದು ಬಡಗಿಗೆ ಹೇಳಿದ ಮಹಾನುಭಾವನೂ ನಾನೇ. ಆದರೂ ಈಗ ಎರಡು ಸಲ ತಟ್ಟಿ, 'ಬರಲೇನವ್ವ?' ಎಂದು ಕೇಳಿ, ಒಳಗಿಂದ ಉತ್ತರ ಬರುವ ತನಕ ಸರ್ಕಾರಿ ಕಚೇರಿಗೆ ಅರ್ಜಿ ತಂದವನ ಹಾಗೆ ಹೊರಗೆ ನಿಲ್ಲಬೇಕು. ಬರುವ ಉತ್ತರವೂ ಏನು ಮಹಾ? 'ಏನು?' ಅಷ್ಟೇ. ಏನು ಎಂದು ಕೇಳಿದರೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರುವುದಿಲ್ಲ. ಸುಮ್ಮನೆ ಮಗಳ ಮುಖ ನೋಡಬೇಕು ಅನ್ನಿಸಿ ಬಂದಿರುತ್ತೇನೆ. ಹಾಗಂತ ಬಾಗಿಲ ಮೂಲಕ ಕೂಗಿ ಹೇಳಲಾಗುತ್ತದೆಯೇ? 'ಫ್ಯಾನ್ ಆಫ್ ಮಾಡು' ಎಂದು ಹೇಳಿ ವಾಪಸ್ ಬರುತ್ತೇನೆ.

ನನ್ನದು ದಾವಣಗೆರೆಯ ಮಂಡಿಪೇಟೆಯಲ್ಲಿ ಅಕ್ಕಿ ಅಂಗಡಿ. ಅಪ್ಪ ಇಟ್ಟ ಅಂಗಡಿ, ನಾನು ನಡೆಸುತ್ತಿದ್ದೇನೆ. 'ಇಲ್ಲಿ ಕಲ್ಲಿಲ್ಲದ ಅಕ್ಕಿ ದೊರೆಯುತ್ತದೆ' ಎಂಬ ಬೋರ್ಡು ಅಪ್ಪನ ಕಾಲದ್ದು. ಅದಕ್ಕೆ ಎರಡು ವರ್ಷಕ್ಕೊಮ್ಮೆ ಬಣ್ಣ ಹೊಡೆಸುತ್ತೇನೆ, ಒಂದಕ್ಷರ ಬದಲಿಸಿಲ್ಲ. ಅಕ್ಕಿಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ, ಮುಚ್ಚುಮರೆ ಯಾಕೆ? ಒಂದು ಹಿಡಿ ಅಂಗೈಗೆ ಹಾಕಿಕೊಂಡರೆ ಸಾಕು, ಹಳೆಯದೋ ಹೊಸದೋ, ಅನ್ನ ಉದುರುದುರಾಗುತ್ತದೋ ಅಂಟಂಟಾಗುತ್ತದೋ ಎಲ್ಲ ಹೇಳಿಬಿಡುತ್ತೇನೆ. ಚೀಲ ಬಿಚ್ಚುವುದೂ ಬೇಡ. ಚೂಪು ಮೂತಿಯ ಕಬ್ಬಿಣದ ಕೊಳವೆಯೊಂದನ್ನು ಗೋಣಿಗೆ ಚುಚ್ಚಿದರೆ ಒಳಗಿನ ಕಾಳು ತಾನಾಗಿ ಕೈಗೆ ಉದುರುತ್ತದೆ. ಈ ವಿದ್ಯೆಯನ್ನೇ ಮನೆಗೂ ತಂದೆ. ಮಗಳು ಸಿಂಚನಾ ಶಾಲೆಯಿಂದ ಬಂದು ಚಪ್ಪಲಿ ಬಿಡುವುದರೊಳಗೆ ಟೆಸ್ಟ್ ಹೆಂಗಾಯ್ತು, ಪಕ್ಕದಲ್ಲಿ ಯಾರು ಕುಂತಿದ್ರು, ಮುಖ ಯಾಕ ಸಣ್ಣಗೈತೆ, ಮೊಬೈಲ್ ನೋಡಿ ನಕ್ಕಿದ್ದು ಯಾಕ ಎಂದು ನಾಲ್ಕು ಕಡೆಯಿಂದ ಚುಚ್ಚುತ್ತಿದ್ದೆ. ಒಂದು ಕಾಳೂ ಉದುರುತ್ತಿರಲಿಲ್ಲ. ನನ್ನ ಹೆಂಡತಿ ಸುಮಾ ಅಡುಗೆಮನೆಯಿಂದಲೇ, 'ಆಕಿ ಏನು ಅಕ್ಕಿ ಚೀಲ ಏನ್ರಿ? ಸ್ವಲ್ಪ ಸುಮ್ನಿರ್ರಿ' ಎನ್ನುತ್ತಿದ್ದಳು. ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಸುಮ್ಮನಿದ್ದರೆ ಅಂಗಡಿ ನಡೆಯುತ್ತದೆಯೇ?

ಹೀಗೆ ಚುಚ್ಚಿದಾಗೆಲ್ಲ ಬಾಯಿ ಬಿಡದ ಹುಡುಗಿ, ಒಂದು ದಿನ ನಾನು ಏನೂ ಕೇಳದೆ ಇದ್ದಾಗ ತಾನಾಗಿಯೇ ಹೇಳಿದಳು. ಟ್ಯೂಷನ್‌ಗೆ ಬಿಡಲು ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಎದುರಿಗೆ ಬಸ್ಸು ಅಡ್ಡ ನಿಂತು, ಹಿಂದೆ ಆಟೋ ಹಾರ್ನ್ ಹೊಡೆಯುತ್ತ, ನಾನು ಆಟೋದವನನ್ನು ಬೈಯುವ ಸಿದ್ಧತೆಯಲ್ಲಿದ್ದಾಗ ಬೆನ್ನ ಹಿಂದಿನಿಂದ ಸಣ್ಣ ದನಿ ಬಂತು. ಮೂರು ವರ್ಷದಿಂದ ಜೊತೆಗಿದ್ದ ಗೆಳತಿಯರು ಅವಳನ್ನು ಬಿಟ್ಟು ಬೇರೆ ವಾಟ್ಸಾಪ್ ಗುಂಪು ಮಾಡಿಕೊಂಡಿದ್ದಾರಂತೆ. ಯಾಕೆ ಅಂತ ಯಾರೂ ಹೇಳುತ್ತಿಲ್ಲವಂತೆ. ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಉಣ್ಣುತ್ತಿದ್ದಾಳಂತೆ. ಹತ್ತು ದಿನದಿಂದ. ಹೇಳಿ ಮುಗಿಸಿ, 'ಅಮ್ಮಗೆ ಹೇಳಬ್ಯಾಡ್ರಿ' ಎಂದಳು. ನನಗೆ ಆಟೋದವನೂ ಮರೆತುಹೋದ, ಬಸ್ಸೂ ಮರೆತುಹೋಯಿತು. ನನ್ನ ಮಗಳು ಮೆಟ್ಟಿಲ ಮೇಲೆ ಒಬ್ಬಳೇ ಕೂತು ಚಿತ್ರಾನ್ನ ತಿನ್ನುವ ಚಿತ್ರ ಕಣ್ಣ ಮುಂದೆ ಬಂದು ನಿಂತಿತು. ಟ್ಯೂಷನ್ ಮನೆ ಮುಂದೆ ಇಳಿಸಿ, 'ನಾನಿದೀನಿ, ಚಿಂತೆ ಮಾಡಬ್ಯಾಡ' ಎಂದೆ. ಆ ಮಾತಿಗೆ ಅವಳು ಸ್ವಲ್ಪ ನಕ್ಕಳು ಕೂಡ. ನಾನಿದ್ದದ್ದೇ ಮುಂದೆ ಚಿಂತೆಯಾಯಿತು ಎನ್ನುವುದು ಬೇರೆ ಮಾತು.

ಈಗ ನಮ್ಮ ಪೇಟೆಯ ಒಂದು ಪದ್ಧತಿ ಹೇಳಬೇಕು. ಮಂಡಿಪೇಟೆಯಲ್ಲಿ ಇಬ್ಬರು ವ್ಯಾಪಾರಸ್ಥರಿಗೆ ಮನಸ್ತಾಪ ಬಂದರೆ ಅವರು ಕೋರ್ಟಿಗೆ ಹೋಗುವುದಿಲ್ಲ, ಪರಸ್ಪರ ಮಾತೂ ಆಡುವುದಿಲ್ಲ. ಇಬ್ಬರಿಗೂ ಬೇಕಾದ ಮೂರನೆಯವನೊಬ್ಬ ನಡುವೆ ಬರುತ್ತಾನೆ. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, ಚಹಾ ತರಿಸಿ, 'ಆಗಿದ್ದಾತು, ಇನ್ನು ಮುಂದಿನದು ನೋಡ್ರಿ' ಎಂದರೆ ಮುಗಿಯಿತು. ಎಂಥೆಂಥ ಜಗಳಗಳು ಹೀಗೆ ಒಂದು ಲೋಟ ಚಹಾದಲ್ಲಿ ಬಗೆಹರಿದದ್ದನ್ನು ನಾನು ಕಂಡಿದ್ದೇನೆ, ಕೆಲವನ್ನು ನಾನೇ ಬಗೆಹರಿಸಿದ್ದೇನೆ. ನಮ್ಮ ಪಕ್ಕದ ಬೇಳೆ ಅಂಗಡಿಯ ಈಶಣ್ಣನ ಮಗಳು ಲಾವಣ್ಯ, ಆ ಗೆಳತಿಯರ ಗುಂಪಿನವಳೇ. ಇನ್ನೇನು ಬೇಕು? ಮರುದಿನ ಬೆಳಿಗ್ಗೆ ಮಂಡಕ್ಕಿ ಮೆಣಸಿನಕಾಯಿ ತರಿಸಿ, ಈಶಣ್ಣನನ್ನು ಕರೆದು, ಎಲ್ಲವನ್ನೂ ಹೇಳಿ, ನಿಮ್ಮ ಹುಡುಗಿಗೆ ಸ್ವಲ್ಪ ತಿಳಿಸಿ ಹೇಳಿ ಎಂದು ಕೇಳಿಕೊಂಡೆ. ಅಮ್ಮನಿಗೆ ಹೇಳಬೇಡಿ ಎಂದಿದ್ದಳು, ನಾನು ಹೇಳಿರಲಿಲ್ಲ. ಈಶಣ್ಣನ ಹೆಸರು ಅವಳು ಎತ್ತಿರಲೇ ಇಲ್ಲವಲ್ಲ!

ಈಶಣ್ಣ ಒಳ್ಳೆಯ ಮನುಷ್ಯ, ಅದೇ ತೊಂದರೆಯಾಗಿದ್ದು. ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ. ಆ ಸಂಜೆ ಮಗಳನ್ನು ಕೂರಿಸಿಕೊಂಡು ಒಂದು ಗಂಟೆ ಬುದ್ಧಿ ಹೇಳಿದ್ದಾನೆ. ಮರುದಿನ ಊಟದ ಹೊತ್ತಿಗೆ ಲಾವಣ್ಯ ಉಳಿದ ಗೆಳತಿಯರನ್ನೂ ಕರೆದುಕೊಂಡು ಮೆಟ್ಟಿಲ ಹತ್ತಿರ ಹೋಗಿ, ಅರ್ಧ ಶಾಲೆ ನೋಡುತ್ತಿರುವಾಗ, 'ನಿಮ್ಮಪ್ಪಾಜಿ ನಮ್ಮಪ್ಪಾಜಿಗೆ ಹೇಳಿದಾರೆ, ನಿನ್ನ ಜೊತಿ ಫ್ರೆಂಡ್‌ಶಿಪ್ ಮಾಡಬೇಕಂತೆ. ಬಾ' ಎಂದಿದ್ದಾಳೆ. ಅವಳು ಕುಚೋದ್ಯಕ್ಕೆ ಹೇಳಿದಳೋ, ಅಪ್ಪನ ಮಾತು ಪಾಲಿಸಬೇಕೆಂದು ಹೇಳಿದಳೋ ದೇವರಿಗೇ ಗೊತ್ತು. ಸುತ್ತ ಇದ್ದವರೆಲ್ಲ ನಕ್ಕಿದ್ದಾರೆ. ಆ ಸಂಜೆ ಸಿಂಚನಾ ಮನೆಗೆ ಬಂದು, ನನ್ನ ಎದುರು ನಿಂತು, ಅಳಲಿಲ್ಲ, ಕೂಗಾಡಲಿಲ್ಲ. ಒಂದೇ ಮಾತು ಹೇಳಿದಳು: 'ನಿಮಗ ಹೇಳಿದ್ರೆ ಇಡೀ ಮಂಡಿಪೇಟೆಗೆ ಹೇಳಿದಂಗೆ ಅಪ್ಪಾಜಿ. ಇನ್ನು ಹೇಳಂಗಿಲ್ಲ.' ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಆ ಚಿಲಕದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅಂಗಡಿಯ ಶಟರ್ ಎಳೆದ ಸದ್ದಿಗೂ ಹಾಗೆ ಎಂದೂ ಬೆಚ್ಚಿದವನಲ್ಲ.

ಆಮೇಲಿನ ಹದಿನೈದು ದಿನ ಅವಳು ನನ್ನೊಂದಿಗೆ ಆಡಿದ ಮಾತನ್ನು ಒಂದು ಚೀಟಿಯಲ್ಲಿ ಬರೆಯಬಹುದು. 'ಹೂಂ', 'ಆಯ್ತು', 'ಅಮ್ಮನ್ನ ಕೇಳ್ರಿ'. ಟ್ಯೂಷನ್‌ಗೆ ಆಟೋದಲ್ಲಿ ಹೋಗತೊಡಗಿದಳು. ಅದೇ ಸಮಯಕ್ಕೆ ಅವಳ ಶಾಲೆಯಲ್ಲಿ ತಂದೆತಾಯಂದಿರಿಗಾಗಿ ಒಂದು ಭಾಷಣ ಇಟ್ಟುಕೊಂಡಿದ್ದರು. ಹದಿಹರೆಯದ ಮಕ್ಕಳನ್ನು ಬೆಳೆಸುವುದು ಹೇಗೆ ಎಂಬ ವಿಷಯ. ನಾನು ಎಲ್ಲರಿಗಿಂತ ಮೊದಲು ಹೋಗಿ ಮೊದಲ ಸಾಲಿನಲ್ಲಿ ಕೂತೆ. ಮಾತಾಡಲು ಬಂದಿದ್ದ ಮೇಡಂ ಬಹಳ ಸಮಾಧಾನದವರು. ಈ ವಯಸ್ಸಿನಲ್ಲಿ ಮಕ್ಕಳ ಮಿದುಳು ಇನ್ನೂ ಬೆಳೆಯುತ್ತಲೇ ಇರುತ್ತದೆ, ಸಿಟ್ಟು ದುಃಖ ಸಂತೋಷದ ಭಾಗ ಮುಂದೆ ಓಡಿರುತ್ತದೆ, ತೂಗಿ ನೋಡಿ ತೀರ್ಮಾನ ಮಾಡುವ ಭಾಗ ಹಿಂದೆ ನಡೆದುಕೊಂಡು ಬರುತ್ತಿರುತ್ತದೆ ಎಂದರು. ಗೆಳೆಯರ ನಡುವೆ ಒಂದು ಜಾಗ ಅನ್ನುವುದು ಅವರಿಗೆ ಊಟದಷ್ಟೇ ಮುಖ್ಯ, ನಮಗೆ ಸಣ್ಣದಾಗಿ ಕಂಡದ್ದು ಅವರಿಗೆ ನಿಜವಾಗಿಯೂ ನೋಯುತ್ತದೆ ಎಂದರು. ಬೆಳಿಗ್ಗೆ ಬೇಗ ಏಳದಿರುವುದು ಬರೀ ಸೋಮಾರಿತನವಲ್ಲವಂತೆ. ಇದನ್ನು ಕೇಳಿ ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಅವರ ಗುಟ್ಟು ಕಾಪಾಡಿ, ಎಲ್ಲವನ್ನೂ ನೀವೇ ಸರಿಮಾಡಲು ಹೋಗಬೇಡಿ, ಮೊದಲು ಕೇಳಿಸಿಕೊಳ್ಳಿ ಎಂದು ಹೇಳಿ ಮುಗಿಸಿದರು. ನಾನು ಎಲ್ಲವನ್ನೂ ಗುರುತು ಹಾಕಿಕೊಂಡು, ಕೊನೆಗೆ ಎದ್ದು ನಿಂತು, 'ಮೇಡಂ, ಹಿಂಗೆಲ್ಲ ಮಾಡಿದ್ರೆ ಎಷ್ಟು ದಿನಕ್ಕೆ ಸರಿ ಹೋಗ್ತಾರ್ರಿ?' ಎಂದು ಕೇಳಿದೆ. ಅಕ್ಕಿ ಲೋಡು ಯಾವಾಗ ಬರುತ್ತದೆ ಅಂತ ಮಿಲ್ಲಿನವನನ್ನು ಕೇಳುವ ಧಾಟಿಯಲ್ಲೇ ಕೇಳಿದ್ದೆ ಅನ್ನುವುದು ಸಭೆಯೆಲ್ಲ ನಕ್ಕ ಮೇಲೆ ಗೊತ್ತಾಯಿತು.

ಗುರುತು ಹಾಕಿಕೊಂಡದ್ದನ್ನು ಜಾರಿಗೆ ತಂದ ಕಥೆ ಹೇಳಲು ನಾಚಿಕೆಯಾಗುತ್ತದೆ. ಕೇಳಿಸಿಕೊಳ್ಳಬೇಕು ಎಂದಿದ್ದರಲ್ಲ, ಮಗಳ ಕೋಣೆಯ ಮುಂದೆ ಕುರ್ಚಿ ಹಾಕಿಕೊಂಡು, 'ನಾನು ಕೇಳಿಸ್ಕೊಳ್ಳಾಕ ಬಂದೀನವ್ವ' ಎಂದು ಘೋಷಿಸಿ ಕೂತೆ. ಐದು ನಿಮಿಷ ಆಯಿತು. ಹತ್ತು ನಿಮಿಷ ಆಯಿತು. 'ಇನ್ನೂ ಇಲ್ಲೇ ಇದೀನಿ' ಎಂದು ನೆನಪಿಸಿದೆ. ಒಳಗಿನಿಂದ ಹಾಡು ಜೋರಾಯಿತು. ಸುಮಾ ಬಂದು ಕುರ್ಚಿ ಸಮೇತ ನನ್ನನ್ನು ಎಬ್ಬಿಸಿಕೊಂಡು ಹೋದಳು.

ದಸರಾ ರಜೆ ಬಂತು. ಸಿಂಚನಾ ಹರಿಹರದ ಅಜ್ಜಿಯ ಮನೆಗೆ ಹೋದಳು. ಪ್ರತಿ ರಜೆಗೂ ಹೋಗುವವಳೇ, ಅದರಲ್ಲಿ ವಿಶೇಷವಿಲ್ಲ. ಆದರೆ ರಜೆ ಮುಗಿಯಲು ಎರಡು ದಿನ ಇರುವಾಗ ಅಮ್ಮನಿಗೆ ಫೋನ್ ಮಾಡಿ, ತಾನು ಇನ್ನು ಅಲ್ಲಿಂದಲೇ ಬಸ್ಸಿನಲ್ಲಿ ಶಾಲೆಗೆ ಬರುವುದಾಗಿಯೂ, ಹತ್ತನೇ ಕ್ಲಾಸ್ ಮುಗಿಯುವ ತನಕ ಅಜ್ಜಿ ಮನೆಯಲ್ಲೇ ಇರುವುದಾಗಿಯೂ ಹೇಳಿದಳು. ಹರಿಹರವೇನು ದೂರವಲ್ಲ, ನಡುವಿನ ಬಾತಿ ಊರು ದಾಟಿದರೆ ಬಂದೇಬಿಡುತ್ತದೆ. ಸ್ಕೂಟರಿನಲ್ಲಿ ಅರ್ಧ ಗಂಟೆ. ಆದರೆ ಮಗಳು ಮದುವೆಗೂ ಮೊದಲೇ, ನನ್ನ ಮೇಲಿನ ಬೇಸರಕ್ಕೆ ಮನೆ ಬಿಟ್ಟಳು ಎಂದರೆ ಆ ಅರ್ಧ ಗಂಟೆಯನ್ನು ಹೇಗೆ ದಾಟುವುದು? ಅಂದು ಮಧ್ಯಾಹ್ನ ಊಟ ಸೇರಲಿಲ್ಲ. 'ನೀವೇ ಹೋಗಿ ಕರ್ಕೊಂಡು ಬರ್ರಿ' ಎಂದಳು ಸುಮಾ. 'ಆದ್ರೆ ಬಾ ಅಂತ ಮಾತ್ರ ಅನ್ನಬ್ಯಾಡ್ರಿ.' ಬಾ ಎನ್ನದೆ ಕರೆದುಕೊಂಡು ಬರುವುದು ಹೇಗೆ ಎಂದು ಕೇಳಿದರೆ, ಅದು ನಮ್ಮಮ್ಮಗೆ ಗೊತ್ತು ಎಂದಳು.

ನಮ್ಮ ಅತ್ತೆಯ ವಿಷಯದಲ್ಲಿ ನನಗೆ ಒಂದು ಹಳೆಯ ಅಸಮಾಧಾನವಿತ್ತು. ಮಗ, ಸೊಸೆ, ಮೊಮ್ಮಕ್ಕಳಿಂದ ತುಂಬಿದ ಮನೆ ಅವರದು. ಅಕ್ಕಿ ವ್ಯಾಪಾರಿಯ ಅತ್ತೆ ಅಕ್ಕಿ ಕೊಳ್ಳಬಾರದು ಎಂದು ನಾನು ತಿಂಗಳು ತಿಂಗಳು ಅಂಗಡಿಯ ಅತ್ಯುತ್ತಮ ಅಕ್ಕಿ ಕಳಿಸುತ್ತೇನೆ. ಮಿಷನ್ನಿನಲ್ಲಿ ಕಲ್ಲು ತೆಗೆದು, ಪಾಲಿಶ್ ಮಾಡಿದ, ಮಲ್ಲಿಗೆ ಮೊಗ್ಗಿನಂಥ ಅಕ್ಕಿ. ಅವರು ಮಾತ್ರ ಪ್ರತಿ ಸಲವೂ, 'ಈ ಮಿಷನ್ ಅಕ್ಕಿ ಬ್ಯಾಡ್ರಿ, ಆರಿಸೋ ಅಕ್ಕಿ ಇದ್ರೆ ಕಳಿಸ್ರಿ' ಎನ್ನುತ್ತಿದ್ದರು. ಕಲ್ಲಿರುವ ಅಕ್ಕಿ ಕೇಳುವ ಗಿರಾಕಿಯನ್ನು ನಾನು ಕಂಡಿದ್ದು ಅವರೊಬ್ಬರನ್ನೇ. ವಯಸ್ಸಾಯಿತು, ಹಳೇ ಕಾಲದವರು ಎಂದು ಕಿವಿಗೆ ಹಾಕಿಕೊಳ್ಳದೆ ಮಿಷನ್ ಅಕ್ಕಿಯನ್ನೇ ಕಳಿಸುತ್ತಿದ್ದೆ.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಹರಿಹರ ತಲುಪಿದೆ. ದೇವಸ್ಥಾನದ ಹಿಂದಿನ ಓಣಿಯಲ್ಲಿ ಅವರ ಮನೆ. ಮಗ ಸೊಸೆ ಮಕ್ಕಳನ್ನು ಕರೆದುಕೊಂಡು ಯಾವುದೋ ಮದುವೆಗೆ ಹೋಗಿದ್ದರು. ಪಡಸಾಲೆಯಲ್ಲಿ ಅತ್ತೆ ಮತ್ತು ಸಿಂಚನಾ ಕಾಲು ಚಾಚಿ ಕೂತು, ತಲಾ ಒಂದು ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ನಾನು ಹೊಸಿಲು ದಾಟುವ ಮೊದಲೇ ಮಗಳ ಮಾತು ಕೇಳಿಸಿತು. ಮಾತೆಂದರೆ ಎಂಥ ಮಾತು! ಮಳೆಗಾಲದ ಹೊಳೆಯ ಹಾಗೆ ಹರಿಯುತ್ತಿತ್ತು. ನನ್ನನ್ನು ನೋಡಿದ್ದೇ ನಿಂತುಹೋಯಿತು. ಅತ್ತೆ ತಲೆ ಎತ್ತದೆ, 'ಬರ್ರಿ, ಕೂಡ್ರಿ' ಎಂದು, ಇನ್ನೊಂದು ಮೊರಕ್ಕೆ ಎರಡು ಸೇರು ಅಕ್ಕಿ ಸುರಿದು ನನ್ನ ಕಡೆ ತಳ್ಳಿದರು. ಅಳಿಯನಿಗೆ ನೀರು ಕೊಡುವ ಮೊದಲು ಅಕ್ಕಿ ಆರಿಸಲು ಕೊಟ್ಟದ್ದು ನಮ್ಮ ಮದುವೆಯಾದ ಮೇಲೆ ಅದೇ ಮೊದಲು.

ಮೊರದ ಅಕ್ಕಿ ನೋಡಿ ನನ್ನ ಜೀವ ಹೌಹಾರಿತು. ಕಲ್ಲು, ನೆಲ್ಲು, ನುಚ್ಚು, ಕಡ್ಡಿ, ಇಲ್ಲದ್ದೇ ಇಲ್ಲ. ಇದೆಲ್ಲಿಯ ಅಕ್ಕಿ, ನಾನು ಕಳಿಸಿದ್ದು ಏನಾಯಿತು ಎಂದು ಕೇಳಿದೆ. ಅದನ್ನು ಪಕ್ಕದ ಮನೆಗೆ ಕೊಟ್ಟು, ಅವರ ಹೊಲದ ಅಕ್ಕಿ ತರಿಸಿಕೊಳ್ಳುತ್ತೇನೆ ಎಂದರು ಅತ್ತೆ. 'ನಿಮ್ಮ ಅಕ್ಕಿ ಭಾಳ ಚಲೋ ಐತೆ ಅಂತಾರ್ರಿ ಅವರು' ಎಂದು ಸಮಾಧಾನವನ್ನೂ ಹೇಳಿದರು. ವರ್ಷಗಟ್ಟಲೆ ನಾನು ಸಾಕುತ್ತಿದ್ದದ್ದು ಪಕ್ಕದ ಮನೆಯವರನ್ನು ಎಂದು ತಿಳಿದು, ಅದರ ಬಗ್ಗೆ ನಾಲ್ಕು ಮಾತಾಡಬೇಕೆಂದು ಬಾಯಿ ತೆರೆದೆ. 'ಮೊರ ನೋಡ್ರಿ, ಕಲ್ಲು ತಪ್ಪಿ ಹೋಗ್ತಾವೆ' ಎಂದರು. ಸುಮ್ಮನೆ ಆರಿಸತೊಡಗಿದೆ.

ಅಕ್ಕಿ ವ್ಯಾಪಾರಿ ನಾನು, ಆದರೆ ಕೂತು ಅಕ್ಕಿ ಆರಿಸಿ ಎಷ್ಟು ವರ್ಷವಾಗಿತ್ತೋ! ಕಣ್ಣು ಮೊರದ ಮೇಲೇ ಇರಬೇಕು. ಬೆರಳು ಆಡುತ್ತಿರಬೇಕು. ಬಾಯಿಗೆ ಕೆಲಸವಿಲ್ಲ, ಎದುರಿಗೆ ಕೂತವರ ಮುಖ ಕಾಣುವುದಿಲ್ಲ. ಕಾಲು ಗಂಟೆ ಮೂರು ಮೊರಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೆ, ನಾನು ಏನನ್ನೂ ಕೇಳದೆ ಇರುವಾಗ, ಸಿಂಚನಾ ಮೊರದ ಕಡೆಗೇ ನೋಡುತ್ತ, 'ಯಾಕ ಹಂಗ ಮಾಡಿದ್ರಿ ಅಪ್ಪಾಜಿ?' ಎಂದಳು.

ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಈಶಣ್ಣ ಎಷ್ಟು ಒಳ್ಳೆಯವನು, ನಮ್ಮ ಪೇಟೆಯಲ್ಲಿ ಎಂಥ ಜಗಳಗಳು ಹೀಗೆ ಬಗೆಹರಿದಿವೆ, ಮೂರು ಉದಾಹರಣೆ ಸಹಿತ. 'ಅದೇನಂದ್ರೆ...' ಎಂದು ಶುರು ಮಾಡಿದ್ದೆ, ಅತ್ತೆ ಕೆಮ್ಮಿದರು. ನೆಗಡಿಯ ಕೆಮ್ಮಲ್ಲ ಅದು. ನಾನು ಒಂದು ಕಲ್ಲು ಹೆಕ್ಕಿ ಬದಿಗಿಟ್ಟು, ಉದಾಹರಣೆಗಳನ್ನೂ ಬದಿಗಿಟ್ಟು, ಇದ್ದದ್ದನ್ನು ಹೇಳಿದೆ. 'ತಪ್ಪಾತು ಕಣವ್ವ. ನೀನು ಒಬ್ಬಾಕೆ ಕುಂತು ಉಣ್ತಿ ಅನ್ನೋದು ನನಗ ತಡಕೊಳ್ಳಾಕ ಆಗಲಿಲ್ಲ.'

ಅವಳು ಎರಡು ನೆಲ್ಲು ಹೆಕ್ಕಿ ಬದಿಗಿಟ್ಟಳು. ಆಮೇಲೆ, 'ನನಗೂ ಆಗ್ತಿರಲಿಲ್ಲ. ಅದಕ್ಕ ನಿಮಗ ಹೇಳಿದ್ದು. ಏನಾರ ಮಾಡ್ರಿ ಅಂತಲ್ಲ, ಬರೇ ಕೇಳ್ರಿ ಅಂತ' ಎಂದಳು.

ನನಗೆ ಮೊರದಲ್ಲಿ ಕಲ್ಲು ಯಾವುದು ಅಕ್ಕಿ ಯಾವುದು ಕಾಣದಾಯಿತು. ಕಣ್ಣು ಒರೆಸಿಕೊಂಡರೆ ಗೊತ್ತಾಗಿಬಿಡುತ್ತದೆ ಎಂದು ಹಾಗೇ ಬೆರಳಾಡಿಸಿದೆ. ಆಗಲೇ ನನಗೆ ಆ ಸ್ಕೂಟರು ನೆನಪಾದದ್ದು. ಅಂದೂ ಅವಳು ನನ್ನ ಬೆನ್ನಿಗೆ ಹೇಳಿದ್ದಳು, ಮುಖಕ್ಕಲ್ಲ. ನಾನು ರಸ್ತೆ ನೋಡುತ್ತಿದ್ದೆ, ಅವಳಿಗೆ ಧೈರ್ಯ ಬಂದಿತ್ತು. ಅಷ್ಟು ಸಣ್ಣ ವಿಷಯ ಮೊದಲ ಸಾಲಿನಲ್ಲಿ ಕೂತು ಗುರುತು ಹಾಕಿಕೊಂಡ ತಲೆಗೆ ಹೊಳೆದಿರಲಿಲ್ಲ. ಮಧ್ಯಾಹ್ನದ ತನಕ ಅವಳು ಇನ್ನೂ ಏನೇನೋ ಹೇಳಿದಳು. ನಾನು 'ಹೂಂ' ಬಿಟ್ಟು ಬೇರೆ ಮಾತಾಡಲಿಲ್ಲ. ಮೂರು ಸಲ ಸಲಹೆ ಗಂಟಲ ತನಕ ಬಂತು, ಮೂರು ಸಲವೂ ನುಂಗಿದೆ. ಊಟಕ್ಕೆ ಎದ್ದು ಕೈ ತೊಳೆಯುವಾಗ ಅತ್ತೆ ನೀರು ಹಾಕುತ್ತ ಮೆಲ್ಲಗೆ ಹೇಳಿದರು: 'ಎದುರಿಗೆ ಕುಂದ್ರಿಸ್ಕೊಂಡು ಹೇಳು ಹೇಳು ಅಂದ್ರೆ ಮಕ್ಳು ಹೆಂಗ ಹೇಳ್ತಾವ್ರಿ? ನಿಮ್ಮ ಹೆಂಡ್ತಿನೂ ಈ ಮೊರದ ಮುಂದೇ ಬೆಳೆದಾಕಿ. ಮಿಷನ್ ಅಕ್ಕಿ ಸೀದಾ ಕುಕ್ಕರಿಗೆ ಹೋಗ್ತತಿ, ಅದರಾಗ ಮಾತಿಗೆ ಜಾಗ ಎಲ್ಲೈತೆ?'

ಸಂಜೆ ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ. ಬಾ ಎನ್ನಲಿಲ್ಲ. ಹಿಂದಿನ ಸೀಟನ್ನು ಮಾತ್ರ ಕರವಸ್ತ್ರದಿಂದ ಎರಡೆರಡು ಸಲ ಒರೆಸಿದೆ. ಸಿಂಚನಾ ಬ್ಯಾಗು ಹೆಗಲಿಗೇರಿಸಿಕೊಂಡು ಬಂದು ಕೂತಳು. 'ಬಸ್ಸಿನಾಗ ಭಾಳ ರಶ್ ಇರ್ತತಿ' ಎಂದು ಯಾರಿಗೋ ಎಂಬಂತೆ ಹೇಳಿದಳು. ಬಾತಿ ದಾಟುವ ತನಕ ನಾನು ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ.

ಅವಳು ಅಂದು ಹೇಳಿದ್ದೇನು ಎಂದು ನೀವು ಕೇಳಬಹುದು. ಸೋಮವಾರ ಬೆಳಿಗ್ಗೆ ಈಶಣ್ಣನೂ ಕೇಳಿದ, ಚಹಾ ತರಿಸಿ, ಬೆಂಚು ಹತ್ತಿರ ಎಳೆದುಕೊಂಡು ಕೇಳಿದ. ಹೇಳಲಿಲ್ಲ. ಮಂಡಿಪೇಟೆಯ ಬೆಂಚಿನ ಮೇಲೆ ಕೂತು ಗೊತ್ತಿರುವ ಸುದ್ದಿಯನ್ನು ಹೇಳದಿರುವುದು ಎಂಥ ತಪಸ್ಸು ಅನ್ನುವುದು ನಮ್ಮ ಪೇಟೆಯವರಿಗೆ ಮಾತ್ರ ಗೊತ್ತು. ಆ ಚಹಾಕ್ಕೆ ರುಚಿಯೇ ಇರಲಿಲ್ಲ. ಇಲ್ಲಿ ಬರೆದಿರುವಷ್ಟನ್ನೂ ಅವಳಿಗೆ ತೋರಿಸಿಯೇ ಬರೆದಿದ್ದೇನೆ. ಎರಡು ಕಡೆ ಅವಳೇ ಗೀಟು ಎಳೆದು ಹೊಡೆದು ಹಾಕಿದ್ದಾಳೆ. ಗೆಳತಿಯರ ವಿಷಯವನ್ನು ಅವಳೇ ನಿಧಾನವಾಗಿ ನೋಡಿಕೊಂಡಳು, ಈಗ ಮೆಟ್ಟಿಲ ಮೇಲೆ ಒಬ್ಬಳೇ ಕೂರುವುದಿಲ್ಲ ಎಂದಷ್ಟನ್ನು ಹೇಳಲು ಅಪ್ಪಣೆ ಸಿಕ್ಕಿದೆ.

ಅಂದಿನಿಂದ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಅಕ್ಕಿ ಆರಿಸುವ ಕಾರ್ಯಕ್ರಮ. ಅದಕ್ಕೆ ಬೇಕಾದ ಅಕ್ಕಿ ನನ್ನ ಅಂಗಡಿಯಲ್ಲಿ ಇಲ್ಲ! ಬಾತಿಯ ಹತ್ತಿರದ ಒಂದು ಸಣ್ಣ ಮಿಲ್ಲಿನವನಿಗೆ ಫೋನ್ ಮಾಡಿ, ಕಲ್ಲಿರುವ ಅಕ್ಕಿ ಅರ್ಧ ಚೀಲ ಬೇಕಿತ್ತು ಎಂದೆ. ಅವನು, 'ಮೈಯಾಗ ಆರಾಮಿದೀರಿ ಹೌದಲ್ರಿ?' ಎಂದು ಕೇಳಿದ. ಹೇಗೋ ಎರಡು ತಿಂಗಳು ನಡೆಯಿತು. ಆಮೇಲೆ ಆ ಪುಣ್ಯಾತ್ಮನೂ ಕಲ್ಲು ತೆಗೆಯುವ ಮಿಷನ್ ತಂದುಬಿಟ್ಟ. ಊರಿಗೆ ಒಳ್ಳೆಯದಾಯಿತು, ನನ್ನ ಭಾನುವಾರ ಮುಳುಗಿತು. ಕಳೆದ ವಾರ ಮೊರಕ್ಕೆ ಸುರಿದ ಅಕ್ಕಿಯಲ್ಲಿ ಹುಡುಕಿದರೂ ಒಂದು ಕಲ್ಲಿಲ್ಲ. ಹತ್ತು ನಿಮಿಷಕ್ಕೆ ಕೆಲಸ ಮುಗಿದು ಮಗಳು ಎದ್ದುಹೋದಳು, ಅರ್ಧ ಮಾತು ಅಲ್ಲೇ ಉಳಿಯಿತು.

ಈ ಭಾನುವಾರ ಅದಕ್ಕೇ ಮುನ್ನೆಚ್ಚರಿಕೆ ತೆಗೆದುಕೊಂಡೆ. ಎದುರು ಮನೆ ಕಟ್ಟಿಸುತ್ತಿದ್ದಾರೆ, ರಸ್ತೆಯಲ್ಲಿ ಮರಳು ಜಲ್ಲಿ ಬಿದ್ದಿದೆ. ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಹೋಗಿ ಒಂದಷ್ಟು ಸಣ್ಣ ಹರಳು ಆರಿಸಿ, ಮೂರು ನೀರಿನಲ್ಲಿ ತೊಳೆದು, ಒಣಗಿಸಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಸಿಂಚನಾ ಬಂದು ಕೂರುವ ಮೊದಲು ಅರ್ಧ ಹಿಡಿ ಮೊರಕ್ಕೆ ಉದುರಿಸಿ ಕೈಯಾಡಿಸಿದೆ. ಅವಳು ಬಂದಳು, ಕೂತಳು, ಮೊದಲ ಕಲ್ಲು ಹೆಕ್ಕಿದಳು, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಎಷ್ಟಾದರೂ ಅಕ್ಕಿ ವ್ಯಾಪಾರಿಯ ಮಗಳು. 'ಅಪ್ಪಾಜಿ, ಇದು ಎದುರುಮನಿ ಜಲ್ಲಿ' ಎಂದಳು.

ಮೂರು ದಶಕದ ವ್ಯಾಪಾರದಲ್ಲಿ ಒಬ್ಬ ಗಿರಾಕಿಯೂ ನನ್ನ ಮೇಲೆ ಹೊರಿಸದ ಆರೋಪ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ, ಜೇಬು ಉಬ್ಬಿಕೊಂಡಿತ್ತು. ಅವಳು ನನ್ನ ಮುಖ ನೋಡಲಿಲ್ಲ, ಮೊರವನ್ನೇ ನೋಡುತ್ತಿದ್ದಳು. ಆ ಕಲ್ಲನ್ನು ಬದಿಗಿಟ್ಟು, ಮೊರವನ್ನು ನನ್ನ ಕಡೆಗೆ ಸರಿಸಿ, 'ಇಷ್ಟು ಸಾಲಂಗಿಲ್ಲ, ಇನ್ನೊಂದು ಹಿಡಿ ಹಾಕ್ರಿ. ಇವತ್ತು ಹೇಳೋದು ಭಾಳ ಐತೆ' ಎಂದಳು. ಅಪ್ಪನ ಕಾಲದ ಬೋರ್ಡಿಗೆ ಮನಸ್ಸಿನಲ್ಲೇ ಕೈ ಮುಗಿದು, ಕಲ್ಲಿಲ್ಲದ ಅಕ್ಕಿಯ ವ್ಯಾಪಾರಿಯಾದ ನಾನು ಜೇಬಿಗೆ ಕೈ ಹಾಕಿದೆ.